ಕೈ ಹಳದಿ ಮಾಡಬೇಕು

ಜನವರಿ ಕೊನೆಯ ವಾರ. ಕಣದಲ್ಲಿ ಕಾಫಿ ಹರವಿ, ಕೈ ತೊಳೆದು ಒಳಗೆ ಬರುತ್ತಿದ್ದೆ. ತೋಟದ ಕೆಲಸಗಾರರ ಲೈನ್ ಮನೆಯ ಭೈಯಾ ಮೆಟ್ಟಿಲ ಹತ್ತಿರ ನಿಂತಿದ್ದ. ದುಡ್ಡು ಕೇಳಲು ಬಂದವರು ಹೇಗೆ ನಿಲ್ಲುತ್ತಾರೋ ಹಾಗೆ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ನಮ್ಮನೆಯವರು ಸೋಮವಾರಪೇಟೆ ಸಂತೆಗೆ ಹೋಗಿದ್ದರು. ಹಾಗಾಗಿ ಮಾತು ನನ್ನ ಪಾಲಿಗೆ ಬಂತು.

"ದೀದಿ, ಛೋಟಿ ಬೆಹೆನ್ ಕೆ ಹಾಥ್ ಪೀಲೇ ಕರ್ನೇ ಹೈಂ. ಥೋಡಾ ಅಡ್ವಾನ್ಸ್..."

ಹಾಥ್ ಅಂದರೆ ಕೈ. ಪೀಲಾ ಅಂದರೆ ಹಳದಿ. ಇಷ್ಟು ನನಗೆ ಗೊತ್ತಿತ್ತು. ಹಿಂದಿ ಬಣ್ಣಗಳನ್ನು ಕಲಿಯಲು ಶುರು ಮಾಡಿ ಆಗಲೇ ವರ್ಷ ದಾಟಿತ್ತು. ಪೀಲಿಯಾ ಅಂದರೆ ಕಾಮಾಲೆ ಅನ್ನೋದೂ ಗೊತ್ತಿತ್ತು. ಊರಲ್ಲಿರುವ ತಂಗಿಗೆ ಕೈಯೆಲ್ಲ ಹಳದಿಯಾಗಿದೆ, ಪಾಪ, ಔಷಧಿಗೆ ದುಡ್ಡು ಬೇಕು. ನಾನು ಹಾಗೇ ಲೆಕ್ಕ ಹಾಕಿದೆ. "ಕರ್ನೇ ಹೈಂ" ಅಂದರೆ ಮಾಡಬೇಕು ಅಂತ. ಯಾರಾದರೂ ತಂಗಿಗೆ ಕಾಮಾಲೆ ಮಾಡಬೇಕು ಅಂತಾರಾ? ಅದು ನನಗೆ ಹೊಳೆಯಲೇ ಇಲ್ಲ.

ಒಳಗಿದ್ದ ಅತ್ತೆಗೆ ಕೂಗಿ ಹೇಳಿದೆ. ಅತ್ತೆ ಹಿತ್ತಲಿಗೆ ಹೋಗಿ ನೆಲನೆಲ್ಲಿ ಗಿಡಗಳನ್ನು ಬೇರು ಸಮೇತ ಕಿತ್ತು ತಂದರು. "ಮಜ್ಜಿಗೆಯಲ್ಲಿ ಅರೆದು ಬರೀ ಹೊಟ್ಟೆಗೆ ಕುಡಿಸೋಕೆ ಹೇಳು. ಎಣ್ಣೆ ಪದಾರ್ಥ ಮುಟ್ಟಬಾರದು" ಅಂದರು. ಭೈಯಾ ಆ ಸೊಪ್ಪಿನ ಕಟ್ಟು ಹಿಡಿದುಕೊಂಡು ಪೆಚ್ಚಾಗಿ ನಿಂತ. ಮದುವೆಗೆ ಸಾಲ ಕೇಳಿದವನಿಗೆ ಬೇರಿಗೆ ಮಣ್ಣು ಮೆತ್ತಿದ ಸೊಪ್ಪು ಕೊಟ್ಟರೆ ಇನ್ನೇನು ಮಾಡುತ್ತಾನೆ.

ಭಾಭಿ ಬಂದ ಮೇಲೆ ಸಂಗತಿ ಬಯಲಾಯಿತು. ಭಾಭಿ ಅಂದರೆ ಅವನ ಹೆಂಡತಿ. ನಾನು ಅವಳನ್ನು ಭಾಭಿ ಅನ್ನುತ್ತೇನೆ, ಅವಳು ನನ್ನನ್ನು ದೀದಿ ಅನ್ನುತ್ತಾಳೆ. ಲೆಕ್ಕದಲ್ಲಿ ಇದು ಸರಿಯಾದ ಸಂಬಂಧವೋ ಏನೋ, ನಾವಿಬ್ಬರೂ ತಲೆ ಕೆಡಿಸಿಕೊಂಡಿಲ್ಲ. ಹೆಣ್ಣಿನ ಕೈ ಹಳದಿ ಮಾಡುವುದು ಅಂದರೆ ಅವಳ ಮದುವೆ ಮಾಡಿಕೊಡುವುದು. ಮದುವೆಗೆ ಮುಂಚೆ ಅರಿಶಿನ ಹಚ್ಚುತ್ತಾರಲ್ಲ, ಆ ಕೈ. ನಮ್ಮಲ್ಲೂ ಅರಿಶಿನದ ಶಾಸ್ತ್ರ ಇದೆ. ಆದರೆ ನಾವು ಮದುವೆಯನ್ನು ಧಾರೆ ಎರೆಯೋದು ಅಂತೀವಿ, ಮೂರು ಗಂಟು ಹಾಕೋದು ಅಂತೀವಿ. ನೀರಿನಿಂದ ಹೇಳ್ತೀವಿ, ದಾರದಿಂದ ಹೇಳ್ತೀವಿ. ಬಣ್ಣದಿಂದ ಹೇಳೋದಿಲ್ಲ.

ನಾನು ಶಾಲೆಯಲ್ಲಿ ಹಿಂದಿಯನ್ನು ಮೂರನೇ ಭಾಷೆಯಾಗಿ ಓದಿದವಳು. ಪಾಸಾಗಲು ಎಷ್ಟು ಬೇಕೋ ಅಷ್ಟು ಓದಿ ಮರೆತೆ. ಆಗೆಲ್ಲ ನಮ್ಮ ತೋಟಕ್ಕೆ ಕೊಯ್ಲಿಗೆ ಬರುತ್ತಿದ್ದವರು ಪಿರಿಯಾಪಟ್ಟಣ, ಹುಣಸೂರು ಕಡೆಯವರು. ಹಿಂದಿ ಯಾರಿಗೆ ಬೇಕಿತ್ತು? ಈಗ ಕೊಡಗಿನ ಯಾವ ತೋಟಕ್ಕೆ ಹೋದರೂ ಅಸ್ಸಾಂ, ಬಂಗಾಳ, ಬಿಹಾರ, ಜಾರ್ಖಂಡಿನ ಕೆಲಸಗಾರರು ಇದ್ದಾರೆ. ನಮ್ಮದು ಸಣ್ಣ ತೋಟ. ನಮ್ಮ ಲೈನ್ ಮನೆಯಲ್ಲಿ ಮೂರು ವರ್ಷದಿಂದ ಇರುವುದು ಬಿಹಾರದ ಚಂಪಾರಣ್ ಕಡೆಯ ಈ ಸಂಸಾರ. ಭೈಯಾ, ಭಾಭಿ, ಅವರ ಆರು ವರ್ಷದ ಮಗ.

ಬಣ್ಣದಿಂದಲೇ ಶುರು ಮಾಡಲು ಕಾರಣ ಕಾಫಿ. ಅರೇಬಿಕಾದಲ್ಲಿ ಕೆಂಪಾದ ಹಣ್ಣನ್ನಷ್ಟೇ ಬಿಡಿಸಬೇಕು. ಕಾಯಿ ಸೇರಿದರೆ ಪಲ್ಪರಿನಲ್ಲಿ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ರುಚಿಯೂ ಕೆಡುತ್ತದೆ. ಹಾಗಾಗಿ ಗಂಡ ಮೊಬೈಲಿನಲ್ಲಿ ಹುಡುಕಿ ಕೊಟ್ಟ ಬಣ್ಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿದೆ. ಮರುದಿನ ತೋಟದಲ್ಲಿ ನಿಂತು ಗತ್ತಿನಿಂದ ಹೇಳಿದೆ. "ಲಾಲ್ ತೋಡೋ, ಹರಾ ಮತ್ ತೋಡೋ."

ಭಾಭಿ ಒಂದು ಗೊಂಚಲನ್ನು ಬಗ್ಗಿಸಿ ತೋರಿಸಿದಳು. ಒಂದೇ ಗೊಂಚಲಲ್ಲಿ ಕಡುಗೆಂಪು, ತಿಳಿಗೆಂಪು, ಒಂದು ಮಗ್ಗುಲು ಹಳದಿ ಇನ್ನೊಂದು ಮಗ್ಗುಲು ಕೆಂಪು, ಬುಡದಲ್ಲಿ ಮಾತ್ರ ಹಸಿರು ಉಳಿದದ್ದು, ಪೂರ್ತಿ ಹಸಿರು, ಮರದಲ್ಲೇ ಒಣಗಿ ಕಪ್ಪಾದದ್ದು. ಅವಳ ಬೆರಳು ಒಂದೊಂದನ್ನೇ ಮುಟ್ಟುತ್ತ ಹೋಯಿತು. "ಯೇ ಪಕ್ಕಾ. ಯೇ ಪಕ್ಕಾ. ಯೇ ಕಚ್ಚಾ." ಅಷ್ಟೇ. ಅಲ್ಲಿಗೆ ನನ್ನ ಬಣ್ಣದ ಪಟ್ಟಿ ಬಿದ್ದುಹೋಯಿತು. ಯೋಚಿಸಿದರೆ ನಾವೂ ತೋಟದಲ್ಲಿ ಬಣ್ಣದ ಹೆಸರು ಹೇಳೋದಿಲ್ಲ ಅಲ್ವಾ? ಹಣ್ಣು ಕೊಯ್ಯಿ, ಕಾಯಿ ಬಿಡು. ಪಕ್ಕಾ, ಕಚ್ಚಾ ಎರಡೂ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಗಿದೆ. ಪಕ್ಕಾ ಕಳ್ಳ, ಕಚ್ಚಾ ರಸ್ತೆ. ಸುಮ್ನೆ ಕನ್ನಡವನ್ನೇ ಮಾತಾಡಿದ್ದರೂ ಕೆಲಸ ಆಗುತ್ತಿತ್ತು.

ಹಳದಿಯ ಕಥೆ ಇನ್ನೂ ಚೆನ್ನಾಗಿದೆ. ಮೆಣಸು ತುಂಬಲು ಹಳದಿ ಪ್ಲಾಸ್ಟಿಕ್ ಚೀಲ ಬೇಕಿತ್ತು. ಪೀಲಾ ಅನ್ನೋದು ಬಾಯಿಗೆ ಬರಲಿಲ್ಲ. "ಹಲ್ದಿ ವಾಲಾ ಬೋರಾ ಲಾವೋ" ಅಂದೆ. ಭಾಭಿ ಉಗ್ರಾಣಕ್ಕೆ ಹೋಗಿ, ಅತ್ತೆ ಬಿತ್ತನೆಗೆ ಅಂತ ತೆಗೆದಿಟ್ಟಿದ್ದ ಅರಿಶಿನ ಕೊಂಬಿನ ಮೂಟೆಯನ್ನು ಹೊತ್ತು ತಂದಳು. ಅವಳದ್ದೇನೂ ತಪ್ಪಿಲ್ಲ. ಹಲ್ದಿ ಅಂದರೆ ಅರಿಶಿನ. ಅದೇ ಮಾತು ನಮ್ಮಲ್ಲಿಗೆ ಬಂದು ಹಳದಿಯಾಗಿ, ಬಣ್ಣದ ಹೆಸರಾಗಿ ಕೂತಿದೆ. ಅಡುಗೆಮನೆಯ ಡಬ್ಬಿಗೆ ಅರಿಶಿನ ಅಂತ ಬೇರೆ ಹೆಸರು ಇಟ್ಟುಕೊಂಡಿದ್ದೇವೆ. ಒಂದೇ ಮಾತು, ಅವರ ಮನೆಯಲ್ಲಿ ಡಬ್ಬಿಯೊಳಗೆ, ನಮ್ಮ ಮನೆಯಲ್ಲಿ ಗೋಡೆಯ ಮೇಲೆ.

ಬಣ್ಣಕ್ಕೂ ಲಿಂಗ ಇದೆ ಅನ್ನೋದು ನನಗೆ ದೊಡ್ಡ ತಲೆನೋವು. ಕಪ್ಪು ನಾಯಿ ಕಾಲಾ, ಕಪ್ಪು ಬೆಕ್ಕು ಕಾಲಿ, ನಾಯಿಗಳು ಜಾಸ್ತಿಯಾದರೆ ಕಾಲೇ. ಮೆಣಸು ಹೆಣ್ಣಂತೆ, ಹಾಗಾಗಿ ಕಾಲಿ ಮಿರ್ಚ್. ನಾವು ಕಾಳುಮೆಣಸು ಅನ್ನೋದನ್ನು ಕೇಳಿ ಭಾಭಿ ಖುಷಿಪಟ್ಟಳು. ತನ್ನ ಮಾತನ್ನೇ ನಾವು ಸ್ವಲ್ಪ ತಿರುಚಿ ಹೇಳುತ್ತೇವೆ ಅಂದುಕೊಂಡಳು. ಕಾಳು ಅಂದರೆ ದಾನಾ, ಕಪ್ಪಲ್ಲ ಅಂತ ಅರ್ಥ ಮಾಡಿಸಲು ಅಕ್ಕಿ, ಹೆಸರುಕಾಳು ಎಲ್ಲ ತೋರಿಸಬೇಕಾಯಿತು. ಲಾಲ್, ಸಫೇದ್, ಗುಲಾಬಿ ಮಾತ್ರ ಯಾರ ಎದುರೂ ಬಾಗುವುದಿಲ್ಲ. ಗಂಡಿಗೂ ಹೆಣ್ಣಿಗೂ ಒಂದೇ. ಅದಕ್ಕೇ ನನಗೆ ಅವು ಇಷ್ಟ.

ಲಾಲ್ ಕೂಡ ಒಂದು ಸಲ ಕೈ ಕೊಟ್ಟಿತು. ಹುಡುಗ ಬಿದ್ದು ಮೊಣಕಾಲು ತರಚಿಕೊಂಡಿದ್ದ. ಭಾಭಿ ಅವನನ್ನು ಎತ್ತಿಕೊಂಡು "ಮೇರೇ ಲಾಲ್, ಮೇರೇ ಲಾಲ್" ಅನ್ನುತ್ತಿದ್ದಳು. ನಾನು ರಕ್ತ ಎಲ್ಲಿ ಅಂತ ಹುಡುಕಿದೆ. ಲಾಲ್ ಅಂದರೆ ಮುದ್ದಿನ ಮಗ ಅಂತಲೂ ಅರ್ಥ. ಕೆಂಪು ಅನ್ನುವ ಲಾಲ್ ಪಾರಸಿ ಕಡೆಯದು. ಮಗ ಅನ್ನುವ ಲಾಲ್ ನಮ್ಮ ಲಾಲನೆ ಪಾಲನೆಯ ಬಳಗ. ಹೆಸರುಗಳ ಕೊನೆಗೆ ಬರುವ ಲಾಲ್ ಬಗ್ಗೆ ನಾನು ಅಲ್ಲಿಯ ತನಕ ಯೋಚಿಸಿಯೇ ಇರಲಿಲ್ಲ.

ಕಾಮಾಲೆಯ ಪ್ರಸಂಗ ಆದ ಮೇಲೆ ಅತ್ತೆ ನನ್ನನ್ನು ಬಿಡಲಿಲ್ಲ. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಅಂತ ದಿನಕ್ಕೊಂದು ಸಲ ಹೇಳಿದರು. ಅದನ್ನು ಭಾಭಿಗೆ ಹಿಂದಿಯಲ್ಲಿ ಹೇಗೋ ದಾಟಿಸಿದೆ. ಅವಳು ತಕ್ಷಣ ತನ್ನದೊಂದು ಗಾದೆ ತೆಗೆದಳು. "ಸಾವನ್ ಕೆ ಅಂಧೇ ಕೋ ಹರಾ ಹೀ ಹರಾ ಸೂಝ್ತಾ ಹೈ." ಶ್ರಾವಣದಲ್ಲಿ ಕಣ್ಣು ಕಳೆದುಕೊಂಡವನಿಗೆ ಎಲ್ಲ ಹಸಿರಾಗೇ ತೋರುತ್ತದೆ. ಕೊನೆಗೆ ಕಂಡದ್ದು ಹಸಿರು, ಹಾಗಾಗಿ ಬೇಸಿಗೆಯಲ್ಲೂ ಅವನ ಲೋಕ ಹಸಿರೇ. ನಮ್ಮ ಗಾದೆಯವನಿಗೆ ರೋಗ, ಎಲ್ಲರ ಮೇಲೂ ಅನುಮಾನ. ಅವರ ಗಾದೆಯವನಿಗೆ ಎಲ್ಲವೂ ಸುಖ, ಬೇರೆಯವರ ಕಷ್ಟ ಗೊತ್ತಾಗೋದಿಲ್ಲ. ಯಾರ ಜೊತೆ ಸಂಸಾರ ಮಾಡೋದು ಹೆಚ್ಚು ಕಷ್ಟ ಅಂತ ನಾವಿಬ್ಬರೂ ಮೆಣಸು ಬಿಡಿಸುತ್ತ ತುಂಬ ಹೊತ್ತು ಮಾತಾಡಿದೆವು.

ಸಾವನ್ ಅಂದರೆ ಭಾಭಿಯ ಮುಖವೇ ಬೇರೆಯಾಗುತ್ತದೆ. ಅವರ ಕಡೆ ಮೇ, ಜೂನಿನಲ್ಲಿ ಲೂ ಅಂತ ಬಿಸಿಗಾಳಿ ಬೀಸುತ್ತದೆ. ಅದಾದ ಮೇಲೆ ಮಳೆ. ಹೆಂಗಸರು ಹಸಿರು ಬಳೆ ತೊಡುತ್ತಾರೆ, ಮೆಹಂದಿ ಹಾಕಿಕೊಳ್ಳುತ್ತಾರೆ, ಜೋಕಾಲಿ ಕಟ್ಟುತ್ತಾರೆ. ಅದೇ ಹೊತ್ತಿಗೆ ನಮ್ಮಲ್ಲಿ ಆಟಿ ತಿಂಗಳು. ಕೊಡವರಿಗೆ ಅದು ಕಕ್ಕಡ. ಹಸಿರು ನಮ್ಮ ಗೋಡೆಗೆ ಹತ್ತುತ್ತದೆ, ಮೆಟ್ಟಿಲಿಗೆ ಹತ್ತುತ್ತದೆ, ಬೀರುವಿನಲ್ಲಿಟ್ಟ ಚಪ್ಪಲಿಗೂ ಹತ್ತುತ್ತದೆ. ಒಲೆಯ ಮೇಲೆ ಒಣಗಿಸಿದ ಸೀರೆಗೆ ಹೊಗೆ ವಾಸನೆ. ಕಾಲಿಗೆ ಜಿಗಣೆ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬೆಂಗಳೂರಿನಿಂದ ಬಂದವರು "ಎಷ್ಟು ಹಸಿರು!" ಅಂತ ಫೋಟೋ ತೆಗೆಯುವಾಗ ನನಗೆ ಸಿಟ್ಟು ಬರುತ್ತದೆ, ನಿಜ ಹೇಳ್ತೀನಿ. ಈ ತಿಂಗಳಲ್ಲಿ ಜೋಕಾಲಿ ಕಟ್ಟುವ ಮನಸ್ಸು ಯಾರಿಗೆ ಬರುತ್ತದೆ?

ಆಟಿಯ ಹದಿನೆಂಟಕ್ಕೆ ಮಾತ್ರ ನಮ್ಮಲ್ಲೂ ಬಣ್ಣದ ಹಬ್ಬ. ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ನೋಡಲು ಬರೀ ಹಸಿರು. ಕುದಿಸಿದರೆ ನೀರು ಕಡು ನೇರಳೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತೇವೆ. ಕಳೆದ ಆಟಿಯಲ್ಲಿ ಭಾಭಿ ಪಾತ್ರೆಗೆ ಬಗ್ಗಿ ನೋಡಿದಳು. ಪಟ್ಟಿಯಲ್ಲಿ ನಾನು ಕಲಿತದ್ದು ಬೈಂಗನಿ, ಅಂದರೆ ಬದನೆಕಾಯಿ ಬಣ್ಣ. ಅವಳು ತಲೆಯಾಡಿಸಿದಳು. "ಜಾಮುನಿ." ಜಾಮೂನ್ ಅಂದರೆ ನೇರಳೆ ಹಣ್ಣು. ಅದೊಂದರಲ್ಲಿ ನಾವಿಬ್ಬರೂ ಒಂದೇ ಮರ ಹತ್ತಿದ್ದೆವು. ಮರುದಿನ ಬೆಳಗ್ಗೆ ಭೈಯಾ ಗಾಬರಿಯಾಗಿ ಓಡಿ ಬಂದ. ಮದ್ದು ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ ಅಂತ ಅವನಿಗೆ ಮೊದಲೇ ಹೇಳಲು ನಾವು ಮರೆತಿದ್ದೆವು. ಲಾಲ್ ಅನ್ನುವ ಮಾತನ್ನು ಯಾರೂ ಅಷ್ಟು ಭಯದಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಹರಾ ಅನ್ನುವ ಮಾತು ನನ್ನೊಳಗೆ ನಿಜವಾಗಿ ಇಳಿದದ್ದು ಮಾತ್ರ ಮಕ್ಕಂದೂರಿನ ದಾರಿಯಲ್ಲಿ. ನಮ್ಮ ನೆಂಟರೊಬ್ಬರ ಮನೆಗೆ ಹೋಗುತ್ತಿದ್ದೆವು. ಜೀಪಿನ ಹಿಂದೆ ಭಾಭಿ, ಅವಳ ಮಗ, ಒಂದು ಮೂಟೆ ಅಕ್ಕಿ. 2018ರ ಆಗಸ್ಟಿನಲ್ಲಿ ಆ ಕಡೆ ಗುಡ್ಡಗಳು ಜಾರಿದ್ದು ನೆನಪಿರಬಹುದು. ಆಗ ನೋಡಿದವರಿಗೆ ಮರೆಯುವ ಹಾಗಿಲ್ಲ. ಹಸಿರು ಗುಡ್ಡದ ತಲೆಯಿಂದ ಬುಡದ ತನಕ ಕೆಂಪು ಮಣ್ಣಿನ ಗೀರು, ಉಗುರಿನಿಂದ ಪರಚಿದ ಹಾಗೆ. ಮನೆ, ತೋಟ, ಗದ್ದೆ, ಎಲ್ಲವೂ ಅದರೊಳಗೆ. ಈಗ ಆ ಗೀರುಗಳ ಮೇಲೆ ಹುಲ್ಲು, ಪೊದೆ ಬೆಳೆದಿದೆ. ಗೊತ್ತಿಲ್ಲದವರಿಗೆ ಕಾಣೋದೇ ಇಲ್ಲ. ನಾನು ಭಾಭಿಗೆ ತೋರಿಸಿ, ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ಅಲ್ಲಿ ಗಾಯ ಆಗಿತ್ತು, ಜಖ್ಮ್. ಈಗ ಹರಾ ಹೋ ಗಯಾ.

ಅವಳು "ಅರೇ ರಾಮ್" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. "ಫಿರ್ ಸೇ?" ಮತ್ತೆ ಜಾರಿತಾ?

ನಾನು ಹೇಳಬೇಕೆಂದಿದ್ದು ವಾಸಿಯಾಯಿತು ಅಂತ. ಹಿಂದಿಯಲ್ಲಿ ಗಾಯ ಹಸಿರಾಯಿತು ಅಂದರೆ ಹಳೆಯ ಗಾಯ ಮತ್ತೆ ಬಿಚ್ಚಿಕೊಂಡಿತು ಅಂತ. ನಾನು ತಿದ್ದಿ ಹೇಳಲು ಹೊರಟೆ. ಅಷ್ಟರಲ್ಲಿ ನೆಂಟರ ಮನೆ ಬಂತು. ಅವರ ಮನೆಯ ಜಗಲಿಯ ಮೂಲೆಯಲ್ಲಿ ಒಂದು ಚೀಲ ಇದೆ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ಎರಡು ಜೊತೆ ಬಟ್ಟೆ. ಜೂನ್ ಬಂದರೆ ಅದನ್ನು ಬಾಗಿಲ ಹತ್ತಿರ ತಂದಿಡುತ್ತಾರೆ. ಜೋರು ಮಳೆ ಬಂದ ರಾತ್ರಿ ಅವರು ಈಗಲೂ ಮಲಗುವುದಿಲ್ಲ. ವಾಪಸ್ ಬರುವಾಗ ನಾನು ಭಾಭಿಯ ಮಾತನ್ನು ತಿದ್ದಲಿಲ್ಲ.

ಆಮೇಲೆ ಮನೆಯಲ್ಲಿ ಕೂತು ನಮ್ಮ ಹಸಿರನ್ನೇ ತಿರುಗಿಸಿ ನೋಡಿದೆ. ಹಸಿ, ಹಸಿರು, ಹಸುಗೂಸು ಎಲ್ಲ ಒಂದೇ ಬೇರು. ನಾವು ಹಸಿ ಗಾಯ ಅಂತೀವಿ, ಹಸಿ ಬಾಣಂತಿ ಅಂತೀವಿ. ಅಂದರೆ ಹಿಂದಿಯವರ ಹಸಿರು ಗಾಯ ನಮ್ಮಲ್ಲೂ ಇದೆ. ಒಂದು ಅಕ್ಷರ ಕಡಿಮೆ ಅಷ್ಟೇ. ದಿನಾ ಬಾಯಲ್ಲಿ ಓಡಾಡುವ ಮಾತು, ಬೇರೆ ಭಾಷೆಯವರು ಎಡವಿಸಿದ ಮೇಲೆ ಕಣ್ಣಿಗೆ ಬಿತ್ತು. ಹಸಿ ಸುಳ್ಳು ಅಂತಲೂ ಇದೆಯಲ್ಲ. ನಮ್ಮ ಪಕ್ಕದ ತೋಟದ ಮಲಯಾಳಿ ಚೇಚಿ ಅದನ್ನೇ ಪಚ್ಚಕ್ಕಳ್ಳಂ ಅನ್ನುತ್ತಾರೆ. ಪಚ್ಚೆ ಸುಳ್ಳು. ಹಿಂದಿಗೆ ಹೋದರೆ ಅದು ಸಫೇದ್ ಝೂಠ್, ಬಿಳಿ ಸುಳ್ಳು. ಇಂಗ್ಲಿಷಿನಲ್ಲಿ ಬಿಳಿ ಸುಳ್ಳು ಅಂದರೆ ಯಾರಿಗೂ ನೋವಾಗದಿರಲಿ ಅಂತ ಹೇಳುವ ಪುಟ್ಟ ಸುಳ್ಳು. ಹಿಂದಿಯಲ್ಲಿ ಕಣ್ಣಿಗೆ ರಾಚುವ ಸುಳ್ಳು. ಗಂಡ ಒಂದು ಸಲ ಭೈಯಾನ ಎದುರು "ವೋ ತೋ ಸಫೇದ್ ಝೂಠ್ ಥಾ" ಅಂತ ನಗುತ್ತ ಹೇಳಿ, ಯಾಕೆ ಅವನ ಮುಖ ಬಿಗಿಯಿತು ಅಂತ ಎರಡು ದಿನ ತಲೆ ಕೆರೆದುಕೊಂಡರು.

ಬಿಳಿಯ ಬಗ್ಗೆ ಭಾಭಿಗೆ ಬೇರೆ ತಕರಾರು ಇತ್ತು. ನಮ್ಮ ನೆರೆಯ ಕೊಡವ ಕುಟುಂಬದ ಮದುವೆಗೆ ಅವಳೂ ಬಂದಿದ್ದಳು. ಮದುಮಗಳು ಕೆಂಪು ರೇಷ್ಮೆ ಸೀರೆಯಲ್ಲಿ ಇದ್ದದ್ದು ಅವಳಿಗೆ ಸಮಾಧಾನ. ಮದುಮಗ ಬಿಳಿ ಕುಪ್ಯ, ಅಂದರೆ ಉದ್ದನೆಯ ಕೋಟು ಹಾಕಿ, ಸೊಂಟಕ್ಕೆ ಕೆಂಪು ಚೇಲೆ ಕಟ್ಟಿ ಬಂದಾಗ ನನ್ನ ಕಿವಿಯಲ್ಲಿ "ದೂಲ್ಹಾ ಸಫೇದ್ ಮೇಂ?" ಅಂದಳು. ಅವಳ ಕಡೆ ಬಿಳಿ ಅಂದರೆ ಗಂಡ ತೀರಿಕೊಂಡವರ ಬಣ್ಣ. ಉಳಿದ ಗಂಡಸರು ಕಪ್ಪು ಕುಪ್ಯದಲ್ಲಿ ಇದ್ದದ್ದು ಅವಳಿಗೆ ಇನ್ನೂ ವಿಚಿತ್ರ. ಶುಭ ಕಾರ್ಯಕ್ಕೆ ಕಪ್ಪಾ? ಊಟ ಬಡಿಸಿದ ಮೇಲೆ ಈ ಪ್ರಶ್ನೆ ಮರೆತುಹೋಯಿತು.

ನೀಲಿಯನ್ನು ಕಲಿಸಿದವನು ಭೈಯಾ. ನನಗೆ ನೀಲಿ ಅಂದರೆ ಮಗನ ಬಿಳಿ ಯೂನಿಫಾರಂ ಅದ್ದುವ ಬಕೆಟಿಗೆ ಹಾಕುವ ಎರಡು ಹನಿ. ಒಂದು ದಿನ ಅದನ್ನೇ ಹಾಕುತ್ತಿದ್ದೆ. ಅವನು "ನೀಲ್" ಅಂದು ಸುಮ್ಮನಾದ. ಚಂಪಾರಣ್ ಅಂದ ಕೂಡಲೇ ನನಗೆ ಶಾಲೆಯ ಪಾಠ ನೆನಪಾಗಬೇಕಿತ್ತು. ಅಲ್ಲಿಯ ಹೊಲದ ಅಳತೆಯಲ್ಲಿ 20 ಕಟ್ಠಾ ಸೇರಿದರೆ ಒಂದು ಬಿಘಾ. ಅದರಲ್ಲಿ 3 ಕಟ್ಠಾದಲ್ಲಿ ರೈತ ನೀಲಿ ಗಿಡವನ್ನೇ ಬೆಳೆಯಬೇಕು ಅಂತ ಬಿಳಿಯ ಪ್ಲಾಂಟರುಗಳ ಕಟ್ಟಳೆ. ತೀನ್ ಕಠಿಯಾ ಅಂತ ಅದರ ಹೆಸರು. ಜರ್ಮನಿಯ ರಾಸಾಯನಿಕ ನೀಲಿ ಮಾರುಕಟ್ಟೆಗೆ ಬಂದು ಈ ಬೆಳೆಗೆ ಬೆಲೆ ಇಲ್ಲದ ಮೇಲೂ ಆ ನಷ್ಟವನ್ನು ರೈತರ ತಲೆಗೇ ಕಟ್ಟಿದರು. ರಾಜಕುಮಾರ್ ಶುಕ್ಲಾ ಅನ್ನುವ ರೈತ ಬೆನ್ನು ಬಿಡದೆ ಕರೆದದ್ದಕ್ಕೆ 1917ರ ಏಪ್ರಿಲಿನಲ್ಲಿ ಗಾಂಧಿ ಅಲ್ಲಿಗೆ ಹೋದರು. ಮರುವರ್ಷ ಕಾನೂನು ಬಂದು ಆ ಕಟ್ಟಳೆ ಹೋಯಿತು. ಭೈಯಾ ಇಷ್ಟೆಲ್ಲ ಹೇಳಲಿಲ್ಲ. ಅವನು ಹೇಳಿದ್ದು ಒಂದೇ ಮಾತು. ಹೊಡೆತ ಬಿದ್ದು ಮೈ ಕಂದಿದರೆ ಅವರು ಅದನ್ನು "ನೀಲ್ ಪಡ್ ಗಯಾ" ಅನ್ನುತ್ತಾರಂತೆ. ನೀಲಿ ಬಿತ್ತು. ಕಾಫಿ ಪ್ಲಾಂಟರುಗಳ ನಾಡಿನಲ್ಲಿ, ಲೈನ್ ಮನೆಯ ಮುಂದೆ ನಿಂತು ಅದನ್ನು ಕೇಳಿಸಿಕೊಂಡೆ. ಬಕೆಟಿಗೆ ಎರಡು ಹನಿಯ ಜಾಗದಲ್ಲಿ ಹತ್ತು ಹನಿ ಬಿದ್ದಿತ್ತು. ಯೂನಿಫಾರಂ ಕೆಟ್ಟುಹೋಯಿತು.

ಇಷ್ಟು ದಿನ ನಾನು ಅವರ ಭಾಷೆ ಕಲಿಯುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಅದು ಸುಳ್ಳು ಅಂತ ಗೊತ್ತಾಗಿದ್ದು ನಮ್ಮ ನಾಯಿಯಿಂದ. ನಮ್ಮ ನಾಯಿಯ ಹೆಸರು ಕರಿಯ. ಬಂದ ಹೊಸದರಲ್ಲಿ ಭಾಭಿಯ ಮಗ ಅದನ್ನು ಕರೆದು ಕರೆದು ನಗುತ್ತಿದ್ದ. ಮಕ್ಕಳು ಎಲ್ಲದಕ್ಕೂ ನಗುತ್ತಾರೆ ಅಂತ ನಾನು ಬಿಟ್ಟಿದ್ದೆ. ಬಣ್ಣದ ಪಾಠ ಶುರುವಾದ ಮೇಲೆ ಒಂದು ದಿನ ಅವನನ್ನೇ ಕೇಳಿದೆ, ನಾಯಿ ಯಾವ ಬಣ್ಣ? ಕಾಲಾ ಅನ್ನುತ್ತಾನೆ ಅಂತ ಕಾದೆ. ಅವನು ನನ್ನನ್ನು ದಡ್ಡಿಯ ಹಾಗೆ ನೋಡಿ "ಕರಿಯಾ" ಅಂದ.

ಹೆಸರು ಕೇಳಲಿಲ್ಲ, ಬಣ್ಣ ಕೇಳಿದ್ದು ಅಂದೆ. "ಕರಿಯಾ!" ಅಂತ ಮತ್ತೆ ಕೂಗಿದ. ನಾಯಿ ಎದ್ದು ಬಂತು.

ಭಾಭಿ ನಾಚಿಕೊಂಡು ಹೇಳಿದಳು. ಮನೆಯಲ್ಲಿ ಅವರು ಮಾತಾಡುವುದು ಭೋಜಪುರಿ. ಅದರಲ್ಲಿ ಕಪ್ಪಿಗೆ ಕರಿಯಾ, ಹಸಿರಿಗೆ ಹರಿಯರ್, ಹಳದಿಗೆ ಪಿಯರ್, ಬಿಳಿಗೆ ಉಜ್ಜರ್. ಕಾಲಾ, ಹರಾ, ಪೀಲಾ, ಸಫೇದ್ ಎಲ್ಲ ಶಾಲೆಯಲ್ಲಿ ಕಲಿತದ್ದು. ಅವಳು ಐದನೇ ತರಗತಿ ತನಕ ಓದಿದವಳು. ಹಿಂದಿ ಟೀಚರು ಮನೆ ಮಾತು ಆಡಿದರೆ ಬೈಯುತ್ತಿದ್ದರಂತೆ. ನನ್ನ ಹತ್ತಿರ ಮಾತಾಡುವಾಗ ಅವಳು ಎಚ್ಚರದಿಂದ ಶಾಲೆಯ ಮಾತನ್ನು ಹೆಕ್ಕಿ ಹೆಕ್ಕಿ ಆಡುತ್ತಿದ್ದಳು. ನಾನೂ ಶಾಲೆಯ ಮಾತನ್ನು ಹೆಕ್ಕಿ ಹೆಕ್ಕಿ ಆಡುತ್ತಿದ್ದೆ. ಇಬ್ಬರೂ ಇನ್ನೊಬ್ಬರ ಮನೆಯ ಜಗಲಿಯಲ್ಲಿ ಕೂತು ಮಾತಾಡಿದ ಹಾಗಾಯಿತು.

ಆಮೇಲೆ ನಾನು ಪಟ್ಟಿ ಬಿಟ್ಟೆ. ಅವಳ ಮಾತು ಬೇಗ ಬೇಗ ಬರತೊಡಗಿತು. ಅರ್ಧ ಅರ್ಥವಾಗುವುದಿಲ್ಲ, ಪರವಾಗಿಲ್ಲ. ಪಿಯರಿ ಅಂದರೆ ಏನು ಅಂತ ಹೇಳಿದ್ದು ಆಗಲೇ. ಪಿಯರಿ ಅಂದರೆ ಹಳದಿ ಸೀರೆ. ಮದುವೆಗೆ ಬೇಕು, ಮಗು ಹುಟ್ಟಿದರೆ ಬೇಕು. ಹರಕೆ ತೀರಿದರೆ ಗಂಗಾ ಮೈಯಾಗೆ ಪಿಯರಿ ಒಪ್ಪಿಸುತ್ತಾರೆ. ನದಿಗೆ ಹಳದಿ ಸೀರೆ. ಇದನ್ನು ಅತ್ತೆಗೆ ಹೇಳಿದಾಗ ಅವರಿಗೆ ಒಂದಿಷ್ಟೂ ಆಶ್ಚರ್ಯ ಆಗಲಿಲ್ಲ. ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವದ ಹೊತ್ತಿಗೆ ಕೊಡವರ ಮನೆಗಳಲ್ಲಿ ಕಣಿ ಪೂಜೆ ಇರುತ್ತದೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಅದನ್ನೇ ಕಾವೇರಮ್ಮ ಅಂತ ಪೂಜಿಸುತ್ತಾರೆ. ಅತ್ತೆ ಅದನ್ನು ನೋಡುತ್ತಲೇ ಬೆಳೆದವರು. "ನಮ್ಮ ಹೊಳೆ ಕೆಂಪು ಉಡ್ತಾಳೆ, ಅವರ ಹೊಳೆ ಹಳದಿ ಉಡ್ತಾಳೆ. ಅದರಲ್ಲೇನು?" ಅಂದರು.

ಭೈಯಾಗೆ ಅಡ್ವಾನ್ಸ್ ಕೊಟ್ಟೆವು. ಕೊಯ್ಲು ಮುಗಿಸಿ, ಫೆಬ್ರುವರಿಯಲ್ಲಿ ಮೂವರೂ ಊರಿಗೆ ಹೊರಟರು. ಭಾಭಿ ಮೆಣಸು, ಏಲಕ್ಕಿ, ನಮ್ಮ ಕಾಫಿ ಪುಡಿ ಎಲ್ಲ ಕಟ್ಟಿಕೊಂಡಳು. ಅತ್ತೆ ಉಗ್ರಾಣದಿಂದ ಆ ಅರಿಶಿನ ಕೊಂಬಿನ ಮೂಟೆ ಬಿಚ್ಚಿ ಎರಡು ಬೊಗಸೆ ಹಾಕಿಕೊಟ್ಟರು. ಬಿತ್ತನೆಗೆ ಕಡಿಮೆಯಾಗುತ್ತದೆ ಅಂತ ಆಮೇಲೆ ಗೊಣಗಿದರು.

ಮದುವೆಯ ಹಿಂದಿನ ದಿನ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಹೆಂಗಸರು, ಹಾಡು, ಗಲಾಟೆ. ಮಧ್ಯದಲ್ಲಿ ಒಂದು ಹುಡುಗಿ, ತಲೆ ತಗ್ಗಿಸಿ ಕೂತಿದ್ದಾಳೆ. ಭಾಭಿ ಅವಳ ಎರಡೂ ಕೈಯನ್ನು ಹಿಡಿದು ಕ್ಯಾಮೆರಾದ ಮುಂದೆ ತಂದಳು. ಬೆರಳು, ಉಗುರು, ಮಣಿಕಟ್ಟು, ಬಳೆಯ ಸಂದು, ಎಲ್ಲ ಕಡೆ ಅರಿಶಿನ. ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಭುಜದ ಮೇಲಿಂದ ಬಗ್ಗಿದರು.

"ಕಾಮಾಲೆ ವಾಸಿಯಾಯ್ತಾ ಕೇಳು" ಅಂದರು.

ಕೇಳಿದೆ. ಭಾಭಿ ನಕ್ಕು ನಕ್ಕು ಫೋನ್ ಕೈಯಿಂದ ಜಾರಿಸಿದಳು. ಸ್ವಲ್ಪ ಹೊತ್ತು ನಮಗೆ ಅವರ ಮನೆಯ ಸೂರು ಮಾತ್ರ ಕಾಣಿಸುತ್ತಿತ್ತು.